ಪಂಕ್ತಿಯಿಂದ ಎದ್ದುಹೋದ ಪೇತ್ರ

ಭಾನುವಾರದ ಪ್ರಸಂಗಗಳಲ್ಲಿ ಸಂತ ಪೇತ್ರನ ಬದುಕನ್ನು ಎರಡು ಹೋಳು ಮಾಡಿ ಹೇಳುವುದು ರೂಢಿ. ಪೆಂತೆಕೊಸ್ತು ಹಬ್ಬಕ್ಕೆ ಮೊದಲಿನ ಪೇತ್ರ ದುಡುಕಿನವನು, ಮಾತಿಗೆ ಮುಂದು, ಕಷ್ಟಕ್ಕೆ ಹಿಂದು; ಪವಿತ್ರಾತ್ಮನನ್ನು ಹೊಂದಿದ ಮೇಲಿನ ಪೇತ್ರ, ಬಂಡೆಯೆಂಬ ಅರ್ಥದ ತನ್ನ ಹೆಸರಿಗೆ ತಕ್ಕಂತೆ ಬಂಡೆ. ಕೇಳಲು ಹಿತವಾಗಿರುವ ಈ ಕಥೆಗೆ ದೊಡ್ಡ ತೊಡಕೆಂದರೆ, ಪೌಲನು ಗಲಾತ್ಯದ ಸಭೆಗಳಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ. ಪೆಂತೆಕೊಸ್ತು ಕಳೆದು ವರ್ಷಗಳೇ ಆಗಿದ್ದಾಗ, ಸಾವಿರಾರು ಜನರಿಗೆ ಬೋಧಿಸಿ ನ್ಯಾಯಸಭೆಯ ಕಟಕಟೆಯನ್ನೂ ಕಂಡಿದ್ದ ಪೇತ್ರನು, ಅಂತಿಯೋಕ್ಯ ಪಟ್ಟಣದಲ್ಲಿ ಊಟದ ಪಂಕ್ತಿಯಿಂದ ಹಿಂದೆ ಸರಿದನೆಂದು ಅಲ್ಲಿ ಬರೆದಿದೆ. ಪ್ರಸಂಗಗಳಲ್ಲಿ ಈ ಅಧ್ಯಾಯವನ್ನು ಹೆಚ್ಚಾಗಿ ಪೌಲನ ಧೈರ್ಯಕ್ಕೆ ಉದಾಹರಣೆಯಾಗಿ ಬಳಸುತ್ತಾರೆಯೇ ಹೊರತು ಪೇತ್ರನ ಜೀವನಚರಿತ್ರೆಯ ಭಾಗವಾಗಿ ಓದುವುದಿಲ್ಲ. ನನಗಂತೂ ಪೇತ್ರನ ಆತ್ಮಿಕ ಬೆಳವಣಿಗೆಯನ್ನು ಅರಿಯಬೇಕಾದರೆ ಅವನು ಮಾಡಿದ ಅದ್ಭುತಗಳನ್ನು ಬದಿಗಿಟ್ಟು, ಅವನು ಯಾರ ಜೊತೆ ಕೂತು ಉಂಡನು, ಆಗ ಯಾರು ನೋಡುತ್ತಿದ್ದರು ಎಂಬುದನ್ನು ಹಿಂಬಾಲಿಸುವುದೇ ಸರಿಯಾದ ದಾರಿ ಎನಿಸುತ್ತದೆ.

ಸೀಮೋನನೆಂಬುದು ಅವನ ಮನೆಯವರಿಟ್ಟ ಹೆಸರು. ಯೋಹಾನನ ಸುವಾರ್ತೆಯ ಪ್ರಕಾರ ಅವನೂ ಅವನ ತಮ್ಮ ಅಂದ್ರೆಯನೂ ಬೇತ್ಸಾಯಿದ ಊರಿನವರು. ಮಾರ್ಕನ ಸುವಾರ್ತೆಯಲ್ಲಿ ಅವರ ಮನೆ ಇರುವುದು ಕಪೆರ್ನೌಮಿನಲ್ಲಿ. ಎರಡೂ ಗಲಿಲಾಯ ಸಮುದ್ರದ ಉತ್ತರ ತೀರದ ಊರುಗಳು. ಸಮುದ್ರವೆಂದು ಕರೆದರೂ ಅದು ಸಿಹಿನೀರಿನ ಸರೋವರ: ಸುಮಾರು 21 ಕಿಲೋಮೀಟರ್ ಉದ್ದ, ಅತಿ ಅಗಲವಾದ ಕಡೆ 13 ಕಿಲೋಮೀಟರ್, ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ಕೆಳಗೆ. 1986ರಲ್ಲಿ ಬರ ಬಂದು ನೀರು ಇಳಿದಾಗ, ಗಿನೋಸಾರ್ ಬಳಿಯ ಕೆಸರಿನಲ್ಲಿ ಆ ಕಾಲದ ಒಂದು ದೋಣಿ ಸಿಕ್ಕಿತು. ಎಂಟು ಮೀಟರಿಗಿಂತ ತುಸು ಉದ್ದ, ಎರಡು ಮೀಟರಿಗಿಂತ ತುಸು ಅಗಲ. ಹಲವು ಜಾತಿಯ ಮರಗಳ ತುಂಡುಗಳನ್ನು ಸೇರಿಸಿ ಮತ್ತೆ ಮತ್ತೆ ದುರಸ್ತಿ ಮಾಡಿ ಬಳಸಿದ ಗುರುತುಗಳು ಅದರಲ್ಲಿವೆ. ಪೇತ್ರನ ದೋಣಿಯೇ ಅದೆಂದು ಹೇಳಲು ಯಾವ ಆಧಾರವೂ ಇಲ್ಲ, ಆದರೆ ಅವನು ಇಂಥದ್ದರಲ್ಲೇ ರಾತ್ರಿಯಿಡೀ ಬಲೆ ಬೀಸುತ್ತಿದ್ದನು. ಬಡ ಬೆಸ್ತನೆಂದು ಅವನನ್ನು ಚಿತ್ರಿಸುವುದು ಪೂರ್ತಿ ಸರಿಯಲ್ಲ. ಲೂಕನು ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರನ್ನು ಸೀಮೋನನ ಪಾಲುಗಾರರೆನ್ನುತ್ತಾನೆ, ಆ ಜೆಬೆದಾಯನ ದೋಣಿಯಲ್ಲಿ ಕೂಲಿಯಾಳುಗಳಿದ್ದರೆಂದು ಮಾರ್ಕನು ಹೇಳುತ್ತಾನೆ. ಮನೆ, ಹೆಂಡತಿ, ಅತ್ತೆ, ಪಾಲುಗಾರಿಕೆಯ ಕಸುಬು, ಊರಿನಲ್ಲಿ ಒಂದು ಸ್ಥಾನ ಎಲ್ಲವೂ ಅವನಿಗಿತ್ತು. ನಾಲ್ಕು ಜನರ ಬಾಯಿಗೆ ಅಂಜಿ ಬದುಕುವ ಸಂಸಾರಸ್ಥ ಅವನು.

ಲೂಕನು ಹೇಳುವ, ಅವನಿಗೆ ಕರೆ ಬಂದ ಕಥೆಯಲ್ಲಿಯೇ ಅವನ ಸ್ವಭಾವ ಕಾಣುತ್ತದೆ. ರಾತ್ರಿಯೆಲ್ಲ ಒಂದು ಮೀನೂ ಸಿಗದೆ ಬಲೆ ತೊಳೆಯುತ್ತಿದ್ದವನಿಗೆ, ಹಗಲಲ್ಲಿ ಬಲೆ ಹಾಕೆಂದು ಯೇಸು ಹೇಳುತ್ತಾರೆ. ದೋಣಿ ಮುಳುಗುವಷ್ಟು ಮೀನು ಬೀಳುತ್ತದೆ. ಆಗ ಸೀಮೋನನು ಸಂತೋಷಪಡುವ ಬದಲು ಯೇಸುವಿನ ಮೊಣಕಾಲಿಗೆ ಬಿದ್ದು, ತಾನು ಪಾಪಿ, ತನ್ನನ್ನು ಬಿಟ್ಟುಹೋಗಬೇಕು ಎಂದು ಬೇಡುತ್ತಾನೆ. ಪವಿತ್ರವಾದುದೂ ಅಪವಿತ್ರವಾದುದೂ ಒಂದೆಡೆ ಇರಬಾರದೆಂಬ ಭಾವನೆ ಅವನಲ್ಲಿ ಹುಟ್ಟಿನಿಂದಲೇ ಬಂದದ್ದು. ಆ ಗೆರೆಯ ಹೊರಗೆ ಈ ಸಲ ತಾನೇ ನಿಂತಿದ್ದೇನೆಂದು ಅವನಿಗೆ ಕಂಡಿತು. ಯೇಸು ಬಿಟ್ಟುಹೋಗಲಿಲ್ಲ. ಆ ಬಳಿಕ ಸುಂಕದ ಕಟ್ಟೆಯಲ್ಲಿ ಕೂತಿದ್ದ ಲೇವಿಯನ್ನೂ ಕರೆದು, ಅವನ ಮನೆಯಲ್ಲಿ ಸುಂಕದವರೂ ಪಾಪಿಗಳೆನಿಸಿಕೊಂಡವರೂ ಸೇರಿದ ಊಟಕ್ಕೆ ಶಿಷ್ಯರೊಂದಿಗೆ ಕೂತರು. ಅದೇ ಸರೋವರದ ದಡದಲ್ಲಿ ಸುಂಕ ವಸೂಲು ಮಾಡುವವನ ಬಗ್ಗೆ ಬೆಸ್ತನೊಬ್ಬನಿಗೆ ಎಂಥ ಅಭಿಪ್ರಾಯವಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಸೀಮೋನನು ಕೂತ ಮೊದಲ ಬೆರಕೆಯ ಪಂಕ್ತಿ ಅದು. ಆದರೆ ಅಲ್ಲಿ ಪಕ್ಕದಲ್ಲಿ ಗುರುಗಳಿದ್ದರು, ಆಕ್ಷೇಪಣೆ ಎತ್ತಿದವರಿಗೆ ಉತ್ತರ ಕೊಟ್ಟವರೂ ಅವರೇ.

ಫಿಲಿಪ್ಪನ ಕೈಸರೈಯದ ಸೀಮೆಯಲ್ಲಿ ಯೇಸುವನ್ನು ಕ್ರಿಸ್ತನೆಂದು ಮೊದಲು ಬಾಯಿಬಿಟ್ಟು ಹೇಳಿದವನು ಪೇತ್ರನೇ. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಅವನನ್ನು ಧನ್ಯನೆಂದು ಹೊಗಳಿ, ಈ ಬಂಡೆಯ ಮೇಲೆ ಸಭೆಯನ್ನು ಕಟ್ಟುವೆನೆಂದು ಯೇಸು ಹೇಳುವ ಮಾತು ಮತ್ತಾಯನಲ್ಲಿ ಮಾತ್ರ ಇದೆ. ಮಾರ್ಕನಲ್ಲಿ ಹೊಗಳಿಕೆ ಇಲ್ಲ. ಶಿಲುಬೆಯ ಮಾತೆತ್ತಿದ ಗುರುವನ್ನೇ ಪೇತ್ರನು ಗದರಿಸಲು ಹೋಗಿ ಸೈತಾನನೆಂದು ಬೈಸಿಕೊಂಡದ್ದು ಮಾತ್ರ ಹಾಗೆಯೇ ಇದೆ. ನೀರಿನ ಮೇಲೆ ನಾಲ್ಕು ಹೆಜ್ಜೆ ನಡೆದ ಪ್ರಸಂಗವೂ ಮಾರ್ಕನಲ್ಲಿಲ್ಲ. ಎರಡನೆಯ ಶತಮಾನದ ಮೊದಲ ಭಾಗದಲ್ಲಿದ್ದ ಪಾಪಿಯಾಸನೆಂಬ ಬಿಷಪರು, ಮಾರ್ಕನು ಪೇತ್ರನ ದುಭಾಷಿಯಾಗಿದ್ದು ಅವನ ಬಾಯಿಂದ ಕೇಳಿದ್ದನ್ನು ಬರೆದಿಟ್ಟನೆಂದು ಹೇಳಿದ್ದನ್ನು ಚರಿತ್ರೆಕಾರ ಯೂಸೇಬಿಯಸನು ಉಲ್ಲೇಖಿಸಿದ್ದಾನೆ. ಇದನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಒಪ್ಪಿದರೆ ಮಾತ್ರ, ತನ್ನ ಹೊಗಳಿಕೆಯನ್ನು ನುಂಗಿಕೊಂಡು ಬೈಗುಳವನ್ನು ಕಥೆಯಲ್ಲಿ ಉಳಿಸಿದವನು ಪೇತ್ರನೇ ಆಗುತ್ತಾನೆ, ಮತ್ತು ಅದು ಅವನ ಮುದಿತನದ ಬಗ್ಗೆ ಯಾವ ಪ್ರಶಂಸಾಪತ್ರಕ್ಕಿಂತಲೂ ಹೆಚ್ಚನ್ನು ಹೇಳುತ್ತದೆ.

ಯೇಸುವನ್ನು ಬಂಧಿಸಿದ ರಾತ್ರಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಪೇತ್ರನನ್ನು ಹೇಡಿಯೆಂದು ಕರೆಯುವವರು ಆ ರಾತ್ರಿಯ ಮೊದಲ ಅರ್ಧವನ್ನು ಮರೆಯುತ್ತಾರೆ. ದೀಪ, ಪಂಜು, ಆಯುಧಗಳೊಂದಿಗೆ ಬಂದ ಗುಂಪಿನ ಎದುರು ಕತ್ತಿ ಹಿರಿದು, ಮಹಾಯಾಜಕನ ಆಳಾದ ಮಲ್ಕನ ಬಲಗಿವಿಯನ್ನು ಕತ್ತರಿಸಿದವನು ಅವನೇ. ಉಳಿದವರೆಲ್ಲ ಓಡಿಹೋದ ಮೇಲೆ ದೂರದಿಂದಲಾದರೂ ಹಿಂಬಾಲಿಸಿ ಮಹಾಯಾಜಕನ ಅಂಗಳದವರೆಗೆ ಬಂದವನೂ ಅವನೇ. ಹೊಡೆದಾಟಕ್ಕೆ ಬೇಕಾದ ಧೈರ್ಯ ಅವನಲ್ಲಿ ಧಾರಾಳವಾಗಿತ್ತು. ಅಂಗಳದಲ್ಲಿ ಚಳಿಯೆಂದು ಆಳುಗಳೂ ಓಲೇಕಾರರೂ ಇದ್ದಿಲಿನ ಬೆಂಕಿ ಹಾಕಿ ಸುತ್ತ ನಿಂತಿದ್ದರು, ಅವನೂ ಅವರ ನಡುವೆ ಸೇರಿ ಕೈ ಕಾಯಿಸಿಕೊಂಡನು. ಬೆಂಕಿಯ ಬೆಳಕು ಮುಖಕ್ಕೆ ಬಿದ್ದಾಗ ಒಬ್ಬ ದಾಸಿ ಅವನನ್ನು ದಿಟ್ಟಿಸಿ ನೋಡಿ, ಇವನೂ ಅವನ ಜೊತೆಯಲ್ಲಿದ್ದವನು ಎಂದಳು. ಅವಳ ಕೈಯಲ್ಲಿ ಕತ್ತಿಯಿರಲಿಲ್ಲ. ಆದರೂ ಅವನು ಅಲ್ಲಗಳೆದನು. ಮತ್ತೆ ಕೇಳಿದರು, ಮತ್ತೆ ಅಲ್ಲಗಳೆದನು. ಮೂರನೆಯ ಸಲ ಅವನ ಮಾತಿನ ಧಾಟಿಯೇ ಅವನನ್ನು ಹಿಡಿದುಕೊಟ್ಟಿತು. ಗಲಿಲಾಯದವರ ಉಚ್ಚಾರಣೆ ಯೆರೂಸಲೇಮಿನಲ್ಲಿ ಬಚ್ಚಿಡಲಾಗುವಂಥದ್ದಲ್ಲ. ಆಣೆಯಿಟ್ಟು, ಶಪಿಸಿಕೊಂಡು, ಆ ಮನುಷ್ಯನನ್ನೇ ನಾನರಿಯೆ ಎಂದನು, ಕೋಳಿ ಕೂಗಿತು. ಅದೇ ಗಳಿಗೆಯಲ್ಲಿ ಯೇಸು ಹಿಂತಿರುಗಿ ಅವನನ್ನು ನೋಡಿದರೆಂದು ಲೂಕನು ಮಾತ್ರ ಸೇರಿಸುತ್ತಾನೆ.

ಕತ್ತಿಗೆ ಅಂಜದವನು ದಾಸಿಯ ನೋಟಕ್ಕೆ ಅಂಜಿದ್ದು ಏಕೆ? ಕತ್ತಿ ಹಿಡಿದವರು ಎದುರಾಳಿಗಳು, ಅವರ ಮುಂದೆ ತಾನು ಯಾರೆಂಬುದು ಸ್ಪಷ್ಟ. ಬೆಂಕಿಯ ಸುತ್ತ ಕೂತವರು ಹಾಗಲ್ಲ. ಅವರ ಬೆಚ್ಚಗಿನ ವೃತ್ತದಲ್ಲಿ ಅವನಿಗೂ ಒಂದು ಜಾಗ ಸಿಕ್ಕಿತ್ತು, ಅದು ತಪ್ಪಿಹೋಗುವ ಭಯ ಅವನ ಬಾಯಿಯನ್ನು ಆಳಿತು. ಪ್ರಾಣಭಯ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಮುಂದೆ ಬರುವ ಘಟನೆಗಳೊಂದಿಗೆ ಇಟ್ಟು ನೋಡಿದರೆ, ಅವನ ಮೂಲ ಕಾಯಿಲೆ ಮರಣಭಯಕ್ಕಿಂತಲೂ ಜನಭಯವೇ ಆಗಿತ್ತೆಂದು ತೋರುತ್ತದೆ.

ಯೋಹಾನನ ಸುವಾರ್ತೆಯಲ್ಲಿ ಇದ್ದಿಲಿನ ಬೆಂಕಿ ಬರುವುದು ಎರಡೇ ಸಲ. ಎರಡನೆಯದು ಪುನರುತ್ಥಾನದ ನಂತರ, ಸರೋವರದ ದಡದಲ್ಲಿ, ಬೆಳಗಿನ ಜಾವ. ಮತ್ತೆ ಬರಿಗೈ ರಾತ್ರಿ, ಮತ್ತೆ ಅದೇ ಅಪ್ಪಣೆ, ಈ ಸಲ 153 ದೊಡ್ಡ ಮೀನು. ಎಣಿಸಿದವರು ಬೆಸ್ತರೇ ಇರಬೇಕು, ಪ್ರವಾದಿಗಳಿಗೆ ಅಷ್ಟು ಲೆಕ್ಕ ಬೇಕಾಗುವುದಿಲ್ಲ. ದಡದಲ್ಲಿ ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ, ಬಂದು ಊಟ ಮಾಡಿರಿ ಎಂಬ ಕರೆ. ಊಟ ಮುಗಿಯುವವರೆಗೆ ಯೇಸು ಆ ರಾತ್ರಿಯ ಮಾತೆತ್ತುವುದಿಲ್ಲ. ಆಮೇಲೆ ಮೂರು ಸಲ ಒಂದೇ ಪ್ರಶ್ನೆ, ನನ್ನನ್ನು ಪ್ರೀತಿಸುತ್ತೀಯಾ ಎಂದು. ಮೂರು ಸಲವೂ ಉತ್ತರದ ಬೆನ್ನಿಗೆ ಕುರಿಗಳನ್ನು ಮೇಯಿಸುವ ಕೆಲಸ. ಕ್ಷಮಿಸಿದ್ದೇನೆ ಎಂಬ ಮಾತು ಆ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ. ತಪ್ಪಿಹೋದವನನ್ನು ಮೊದಲು ಉಣ್ಣಲು ಕೂರಿಸಿ, ನಂತರ ಜವಾಬ್ದಾರಿ ವಹಿಸಿದ ಆ ಕ್ರಮವನ್ನು ನಮ್ಮ ಸಭೆಗಳ ಶಿಸ್ತುಕ್ರಮ ಸಮಿತಿಗಳು ಎಂದಾದರೂ ಗಂಭೀರವಾಗಿ ಪರಿಗಣಿಸಿವೆಯೇ ಎಂಬ ಸಂಶಯ ನನಗಿದೆ.

ಪೆಂತೆಕೊಸ್ತಿನ ದಿನದ ಬೋಧನೆ, ಅಂದು ಸೇರಿದ ಮೂರು ಸಾವಿರ ಜನ, ಸುಂದರ ದ್ವಾರದ ಬಳಿ ಕುಂಟನು ಎದ್ದು ನಡೆದದ್ದು, ಓದುಬರಹವಿಲ್ಲದ ಸಾಮಾನ್ಯರೆಂದು ಹಿರಿಯರು ಬೆರಗಾದದ್ದು, ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವು. ನ್ಯಾಯಸಭೆಯ ಮುಂದೆ ಅವನು ತೋರಿದ ಎದೆಗಾರಿಕೆ ನಿಜವಾದದ್ದು. ಆದರೆ ಅಲ್ಲಿ ಮತ್ತೆ ಎದುರಿಗಿದ್ದವರು ಎದುರಾಳಿಗಳೇ.

ಬೆಳವಣಿಗೆಯ ಗಟ್ಟಿಯಾದ ಸುಳಿವು ಸಿಗುವುದು ಯೊಪ್ಪದಲ್ಲಿ. ಅಲ್ಲಿ ಅವನು ಬಹಳ ದಿನ ಇಳಿದುಕೊಂಡದ್ದು ತೊಗಲು ಹದ ಮಾಡುವ ಸೀಮೋನನೆಂಬವನ ಮನೆಯಲ್ಲಿ. ಸತ್ತ ಪ್ರಾಣಿಗಳ ಚರ್ಮದೊಂದಿಗೆ ನಿತ್ಯದ ಒಡನಾಟ, ಬಿಡದ ನಾತ. ಧರ್ಮನಿಷ್ಠರು ಮೂಗು ಮುರಿಯುತ್ತಿದ್ದ ಕಸುಬು ಅದು. ಅವನ ಮನೆ ಸಮುದ್ರದ ಬಳಿಯಲ್ಲಿತ್ತೆಂದು ಲೂಕನು ವಿಳಾಸ ಹೇಳುತ್ತಾನೆ. ಮಟಮಟ ಮಧ್ಯಾಹ್ನ ಪೇತ್ರನು ಪ್ರಾರ್ಥನೆಗೆಂದು ಮಾಳಿಗೆ ಹತ್ತಿದನು, ಬಹಳ ಹಸಿದಿದ್ದನು, ಕೆಳಗೆ ಅಡಿಗೆಯಾಗುತ್ತಿತ್ತು. ಆಗ ಕಂಡ ದರ್ಶನವೂ ಊಟದ್ದೇ: ನಾಲ್ಕು ಮೂಲೆ ಹಿಡಿದು ಇಳಿಬಿಟ್ಟ ದೊಡ್ಡ ಬಟ್ಟೆಯಲ್ಲಿ ಸಕಲ ಪ್ರಾಣಿಗಳು, ಹರಿದಾಡುವ ಜಂತುಗಳು, ಹಕ್ಕಿಗಳು, ಕೊಯ್ದು ತಿನ್ನು ಎಂಬ ವಾಣಿ. ಪ್ರಭುವಿಗೇ ಬೇಡವೆನ್ನುವ ಹಳೆಯ ಚಾಳಿ ಇನ್ನೂ ಹೋಗಿರಲಿಲ್ಲ. ಹೊಲೆಯಾದದ್ದನ್ನು ತಾನು ಎಂದೂ ಮುಟ್ಟಿದವನಲ್ಲವೆಂದು ವಾದಿಸಿದನು. ಇಲ್ಲಿಯೂ ಮೂರು ಸಲ. ಅರ್ಥವಾಗದೆ ಅವನು ತಲೆ ಕೆರೆದುಕೊಳ್ಳುತ್ತಿರುವಾಗಲೇ, ಕಡಲತೀರದ ಇನ್ನೊಂದು ಕೈಸರೈಯದ ರೋಮನ್ ಶತಾಧಿಪತಿ ಕೊರ್ನೇಲ್ಯನು ಕಳಿಸಿದ ಮೂವರು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಿದ್ದರು. ಇಬ್ಬರು ಮನೆಯ ಆಳುಗಳು, ಒಬ್ಬ ಸಿಪಾಯಿ. ಪೇತ್ರನು ಅವರನ್ನು ಒಳಗೆ ಕರೆದು ರಾತ್ರಿ ಉಳಿಸಿಕೊಂಡನು. ದರ್ಶನದ ಮೊದಲ ಫಲ ಕೈಸರೈಯದಲ್ಲಿ ಮಾಡಿದ ಬೋಧನೆಯಲ್ಲ, ತಾನೇ ಅತಿಥಿಯಾಗಿದ್ದ ಮನೆಯಲ್ಲಿ ಅನ್ಯಜನರಾದ, ಎಂದರೆ ಯೆಹೂದ್ಯರಲ್ಲದ, ಮೂವರಿಗೆ ಜಾಗ ಮಾಡಿಕೊಟ್ಟದ್ದು.

ಮರುದಿನ ಅವರೊಂದಿಗೆ ಕರಾವಳಿಯ ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ದೂರದ ಕೈಸರೈಯಕ್ಕೆ ಹೊರಟು, ಅದರ ಮರುದಿನ ಮುಟ್ಟಿದನು. ಕೊರ್ನೇಲ್ಯನು ಕಾಲಿಗೆ ಬಿದ್ದಾಗ, ತಾನೂ ಮನುಷ್ಯನೇ ಎಂದು ಎಬ್ಬಿಸಿದನು. ದೇವರು ಪಕ್ಷಪಾತಿಯಲ್ಲವೆಂದು ಈಗ ನಿಜವಾಗಿ ತಿಳಿಯಿತು ಎಂಬ ಮಾತಿನಿಂದ ಬೋಧನೆ ಆರಂಭವಾಗುತ್ತದೆ, ದೀಕ್ಷಾಸ್ನಾನದಲ್ಲಿ ಮುಗಿಯುತ್ತದೆ. ಯೆರೂಸಲೇಮಿಗೆ ಹಿಂತಿರುಗಿದ ಮೇಲೆ ಅಲ್ಲಿನ ವಿಶ್ವಾಸಿಗಳು ಎತ್ತಿದ ತಕರಾರನ್ನು ನೋಡಿರಿ: ಏಕೆ ದೀಕ್ಷಾಸ್ನಾನ ಮಾಡಿಸಿದೆ ಎಂದು ಅವರು ಕೇಳಲಿಲ್ಲ, ಸುನ್ನತಿಯಿಲ್ಲದವರ ಮನೆಗೆ ಹೋಗಿ ಅವರ ಸಂಗಡ ಊಟ ಮಾಡಿದೆಯಲ್ಲ ಎಂದರು. ಪಂಕ್ತಿಭೇದವನ್ನು ಕಂಡು ಬೆಳೆದ ನಾಡಿನ ಓದುಗರಿಗೆ ಈ ತಕರಾರನ್ನು ವಿವರಿಸಿ ಹೇಳಬೇಕಾಗಿಲ್ಲ. ದೇವರ ಮುಂದೆ ಎಲ್ಲರೂ ಒಂದೇ ಎಂದು ಒಪ್ಪುವವರೂ ಎಲೆ ಹಾಕುವ ಹೊತ್ತಿಗೆ ಬೇರೆ ಲೆಕ್ಕ ತೆಗೆಯುವುದನ್ನು ನಾವೆಲ್ಲ ನೋಡಿದ್ದೇವೆ, ನಮ್ಮ ಕ್ರೈಸ್ತ ಸಭೆಗಳೂ ಇದಕ್ಕೆ ಹೊರತಾಗಿ ಉಳಿದಿಲ್ಲ. ಪೇತ್ರನು ಅಂದು ಜಾರಿಕೊಳ್ಳಲಿಲ್ಲ. ತನ್ನೊಂದಿಗೆ ಬಂದಿದ್ದ ಆರು ಮಂದಿ ಸಹೋದರರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ನಡೆದದ್ದನ್ನು ಮೊದಲಿನಿಂದ ವಿವರಿಸಿದನು, ದೇವರನ್ನು ತಡೆಯಲು ತಾನೆಷ್ಟರವನು ಎಂದು ಕೇಳಿದನು.

ಕಥೆ ಇಲ್ಲಿಗೆ ಮುಗಿದಿದ್ದರೆ ಪ್ರಸಂಗಕಾರರ ಕೆಲಸ ಸುಲಭವಾಗುತ್ತಿತ್ತು. ಅಂತಿಯೋಕ್ಯವು ರೋಮ್ ಮತ್ತು ಅಲೆಕ್ಸಾಂದ್ರಿಯಗಳ ಬಳಿಕ ಸಾಮ್ರಾಜ್ಯದ ಅತಿ ದೊಡ್ಡ ಪಟ್ಟಣಗಳಲ್ಲಿ ಒಂದು. ಇಂದಿನ ತುರ್ಕಿಯ ಅಂತಾಕ್ಯ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಿದ್ದದ್ದು ಅಲ್ಲಿಯೇ. ಯೆಹೂದ್ಯರೂ ಅನ್ಯಜನರೂ ಬೆರೆತ ಆ ಸಭೆಗೆ ಬಂದ ಪೇತ್ರನು ಎಲ್ಲರೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದನು. ಆ ದಿನಗಳಲ್ಲಿ ಪ್ರಭುಭೋಜನವು ಮನೆಗಳಲ್ಲಿ ಹೊಟ್ಟೆತುಂಬ ಉಣ್ಣುವ ಊಟದೊಂದಿಗೇ ನಡೆಯುತ್ತಿದ್ದುದರಿಂದ, ಯಾರ ಜೊತೆ ಉಣ್ಣುವುದೆಂಬ ಪ್ರಶ್ನೆ ಯಾರ ಜೊತೆ ಆರಾಧಿಸುವುದೆಂಬ ಪ್ರಶ್ನೆಯೂ ಆಗಿತ್ತು. ಅಷ್ಟರಲ್ಲಿ ಯೆರೂಸಲೇಮಿನ ಸಭೆಯ ಮುಖಂಡನಾದ ಯಾಕೋಬನ (ಜೆಬೆದಾಯನ ಮಗನಲ್ಲ, ಯೇಸುವಿನ ಸಹೋದರನೆನಿಸಿಕೊಂಡವನು) ಕಡೆಯಿಂದ ಕೆಲವರು ಬಂದರು. ಅವರು ಬಂದ ಮೇಲೆ, ಸುನ್ನತಿಯವರಿಗೆ ಹೆದರಿ, ಪೇತ್ರನು ಹಿಂಜರಿದು ಬೇರೆಯಾದನು ಎಂದು ಪೌಲನು ಬರೆಯುತ್ತಾನೆ. ಜಗಳ, ಘೋಷಣೆ ಏನೂ ಇಲ್ಲ. ಒಂದು ದಿನ ಬೇರೆ ಕಡೆ ಊಟ, ಇನ್ನೊಂದು ದಿನ ಮತ್ತೇನೋ ನೆಪ, ಹೀಗೆ ನಡೆದಿರಬೇಕು. ಅವನು ಸರಿದದ್ದನ್ನು ಕಂಡು ಉಳಿದ ಯೆಹೂದ್ಯ ವಿಶ್ವಾಸಿಗಳೂ ಸರಿದರು. ಕೊನೆಗೆ ಪೌಲನ ಜೊತೆಗಾರ ಬಾರ್ನಬನೂ ಸರಿದನು. ಪೌಲನಿಗೆ ಹೆಚ್ಚು ನೋವಾದದ್ದು ಈ ಕೊನೆಯ ಹೆಸರಿನಿಂದ ಎಂಬುದು ಆ ವಾಕ್ಯದ ಧಾಟಿಯಲ್ಲೇ ಗೊತ್ತಾಗುತ್ತದೆ, ಏಕೆಂದರೆ ಪೌಲನನ್ನು ಅಂತಿಯೋಕ್ಯಕ್ಕೆ ಕರೆತಂದವನೇ ಬಾರ್ನಬ. ಪೌಲನು ಎಲ್ಲರ ಮುಂದೆಯೇ ಪೇತ್ರನನ್ನು ಎದುರಿಸಿ ಕೇಳಿದನು: ಯೆಹೂದ್ಯನಾದ ನೀನೇ ಅನ್ಯಜನರಂತೆ ಬದುಕುತ್ತಿರುವಾಗ ಅವರನ್ನು ಯೆಹೂದ್ಯರಂತೆ ಬದುಕಲು ಒತ್ತಾಯಿಸುವುದು ಹೇಗೆ?

ಪೇತ್ರನ ಪರವಾಗಿ ಹೇಳಬಹುದಾದ ಮಾತುಗಳಿವೆ. ನಮ್ಮ ಕೈಯಲ್ಲಿರುವುದು ಪೌಲನ ಹೇಳಿಕೆ ಮಾತ್ರ. ಯೂದಾಯದಲ್ಲಿ ಆಗ ಬಿಗುವಿನ ವಾತಾವರಣವಿತ್ತು, ಅಂತಿಯೋಕ್ಯದ ಸುದ್ದಿ ಹರಡಿದರೆ ಯೆರೂಸಲೇಮಿನ ಸಭೆಗೆ ಅಪಾಯವಾದೀತೆಂದು ಬಂದವರು ಹೇಳಿರಬಹುದೆಂದು ಊಹಿಸುವ ವಿದ್ವಾಂಸರಿದ್ದಾರೆ. ಸಭೆ ಒಡೆಯಬಾರದೆಂಬ ಕುರುಬನ ಕಾಳಜಿಯೂ ಅವನದಾಗಿರಬಹುದು. ಆದರೂ ಈ ವಿಷಯದಲ್ಲಿ ಪೌಲನೇ ಸರಿ ಎಂಬುದು ನನ್ನ ನಿಲುವು. ಪೇತ್ರನಿಗೆ ತತ್ತ್ವದಲ್ಲಿ ಯಾವ ಗೊಂದಲವೂ ಇರಲಿಲ್ಲ. ಯೊಪ್ಪದ ಮಾಳಿಗೆಯಲ್ಲಿ ಮೂರು ಸಲ ಕೇಳಿಸಿಕೊಂಡವನು ಅವನು. ಅಂಗಳದಲ್ಲಿ ಆದದ್ದೇ ಇಲ್ಲಿಯೂ ಆಯಿತು. ಹೆರೋದನ ಸೆರೆಮನೆಯಲ್ಲಿ ಎರಡು ಸರಪಣಿ ಬಿಗಿಸಿಕೊಂಡು ಇಬ್ಬರು ಸಿಪಾಯಿಗಳ ನಡುವೆ ನಿದ್ದೆ ಮಾಡಬಲ್ಲವನು, ತನ್ನವರೇ ಆದ ನಾಲ್ವರು ಹುಬ್ಬು ಗಂಟಿಕ್ಕಿದರೆ ಪಂಕ್ತಿಯಲ್ಲಿ ಕೂರಲಾರದೆ ಹೋದನು. ಬೆಳೆದ ಮೇಲೂ ಬೇರು ಅಲ್ಲಿಯೇ ಉಳಿದಿತ್ತು.

ಆ ದಿನ ಪೇತ್ರನು ಏನು ಉತ್ತರ ಕೊಟ್ಟನೆಂದು ಪೌಲನು ಬರೆದಿಲ್ಲ. ಅನ್ಯಜನರಿಗೆ ಸುನ್ನತಿ ಬೇಕೇ ಎಂಬುದನ್ನು ತೀರ್ಮಾನಿಸಲು ಸುಮಾರು 49ರಲ್ಲಿ ಯೆರೂಸಲೇಮಿನಲ್ಲಿ ಸಭೆ ಸೇರಿದಾಗ, ನಮ್ಮ ಪಿತೃಗಳಾಗಲಿ ನಾವಾಗಲಿ ಹೊರಲಾರದ ನೊಗವನ್ನು ಇವರ ಹೆಗಲಿಗೆ ಏಕೆ ಇಡುತ್ತೀರಿ ಎಂದು ಪೇತ್ರನು ಎದ್ದು ಕೇಳಿದ್ದು ಅಪೊಸ್ತಲರ ಕೃತ್ಯಗಳಲ್ಲಿದೆ. ಅಂತಿಯೋಕ್ಯದ ಘಟನೆ ಈ ಸಭೆಗೆ ಮೊದಲೋ ನಂತರವೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಮೊದಲೇ ನಡೆದಿದ್ದರೆ, ಎಲ್ಲರೆದುರು ಛೀಮಾರಿ ಹಾಕಿಸಿಕೊಂಡವನು, ಅದೇ ಯಾಕೋಬನೂ ಅವನ ಕಡೆಯವರೂ ಕೂತಿದ್ದ ಸಭೆಯಲ್ಲಿ ಪೌಲನ ಪಕ್ಷವನ್ನು ಎತ್ತಿಹಿಡಿದನೆಂದಾಗುತ್ತದೆ. ಹಾಗೆ ಓದಲು ನನಗೆ ಇಷ್ಟ. ನಂತರ ನಡೆದಿದ್ದರೆ ಅವನ ಜಾರುವಿಕೆ ಇನ್ನಷ್ಟು ದೊಡ್ಡದಾಗುತ್ತದೆಂಬುದನ್ನೂ ಬಲ್ಲೆ.

ಆಮೇಲಿನ ದಿನಗಳು ತುಣುಕುಗಳಲ್ಲಿ ಮಾತ್ರ ಕಾಣುತ್ತವೆ. ಅವನು ಹೆಂಡತಿಯನ್ನು ಕರೆದುಕೊಂಡು ಊರೂರು ಸಂಚರಿಸುತ್ತಿದ್ದನೆಂದು ಪೌಲನು ಕೊರಿಂಥದವರಿಗೆ ಬರೆಯುವಾಗ ಪ್ರಾಸಂಗಿಕವಾಗಿ ಹೇಳುತ್ತಾನೆ. ಮಾರ್ಕನ ಮೊದಲ ಅಧ್ಯಾಯದಲ್ಲಿ ಅತ್ತೆಯ ಜ್ವರದ ಮೂಲಕ ಮಾತ್ರ ಸುಳಿದ ಆ ಹೆಣ್ಣುಮಗಳು ಇಷ್ಟು ವರ್ಷಗಳ ಮೇಲೆ ಮತ್ತೆ ಕಾಣಿಸಿಕೊಳ್ಳುವುದು ನನಗೆ ಸಂತೋಷ ಕೊಡುವ ಸಂಗತಿ. 64ರಲ್ಲಿ ರೋಮ್ ನಗರ ಸುಟ್ಟ ಮೇಲೆ ನೀರೋ ಚಕ್ರವರ್ತಿಯು ಕ್ರೈಸ್ತರ ಮೇಲೆ ತಪ್ಪು ಹೊರಿಸಿ ಹಿಂಸಿಸಿದನು, ಅವನ ಆಳಿಕೆಯಲ್ಲೇ ಪೇತ್ರನು ಅಲ್ಲಿ ಸತ್ತನೆಂಬುದು ಬಹು ಹಳೆಯ ಸಂಪ್ರದಾಯ. ತಲೆಕೆಳಗಾಗಿ ಶಿಲುಬೆಗೇರಿಸಲು ಅವನೇ ಬೇಡಿಕೊಂಡನೆಂಬ ಮಾತು ನಂತರದ ಶತಮಾನಗಳದು. ಹಿಂಸೆಗೆ ಅಂಜಿ ನಗರ ಬಿಟ್ಟು ಓಡುತ್ತಿದ್ದವನಿಗೆ ದಾರಿಯಲ್ಲಿ ಯೇಸು ಎದುರಾದರೆಂದೂ, ಅವನು ನಾಚಿ ಹಿಂತಿರುಗಿದನೆಂದೂ ಇನ್ನೊಂದು ಕಥೆಯಿದೆ. ಇದು ಚರಿತ್ರೆಯಲ್ಲದಿದ್ದರೂ, ಮೊದಲ ಕ್ರೈಸ್ತರು ತಮ್ಮ ಅಪೊಸ್ತಲನ ಸ್ವಭಾವವನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು ಎಂಬುದಕ್ಕೆ ಸಾಕ್ಷಿ. ವ್ಯಾಟಿಕನ್ ಗುಡ್ಡದಲ್ಲಿ ಅವನ ಸಮಾಧಿಯೆಂದು ನಂಬಿದ ಜಾಗದ ಮೇಲೆ ನಾಲ್ಕನೆಯ ಶತಮಾನದಲ್ಲಿ ದೇವಾಲಯ ಎದ್ದಿತು. ಜೂನ್ 29ರಂದು ಅವನ ಹಬ್ಬ. ಅದನ್ನು ಅವನೊಬ್ಬನಿಗೇ ಕೊಡದೆ, ಅಂತಿಯೋಕ್ಯದಲ್ಲಿ ಅವನ ಮುಖಕ್ಕೆ ಮುಖ ಕೊಟ್ಟು ಜಗಳವಾಡಿದ ಪೌಲನೊಂದಿಗೆ ಸೇರಿಸಿ ಆಚರಿಸುವುದು ಸಭೆಯ ಸಂಪ್ರದಾಯ.

ಅವನ ಹೆಸರಿನಲ್ಲಿ ಎರಡು ಪತ್ರಗಳಿವೆ. ಮೊದಲನೆಯದು ಸಿಲ್ವಾನನ ಕೈಯಿಂದ ಬರೆಸಿದ್ದೆಂದು ಅದರಲ್ಲೇ ಹೇಳಿದೆ, ಸಭೆಯ ಹಿರಿಯರು ಮಂದೆಯ ಮೇಲೆ ದೊರೆತನ ಮಾಡಬಾರದೆಂಬ ಬುದ್ಧಿಮಾತೂ ಅದರಲ್ಲಿದೆ. ಎರಡನೆಯ ಪತ್ರವನ್ನು ಬರೆದವನು ಪೇತ್ರನಲ್ಲ, ಅವನ ಮರಣಾನಂತರ ಅವನ ಹೆಸರಿನಲ್ಲಿ ಬೇರೊಬ್ಬನು ಬರೆದದ್ದೆಂಬುದು ಇಂದಿನ ಹೆಚ್ಚಿನ ವಿದ್ವಾಂಸರ ಮತ. ಆ ಪತ್ರದ ಕೊನೆಯಲ್ಲಿ ಪೌಲನ ಪ್ರಸ್ತಾಪ ಬರುತ್ತದೆ: ನಮ್ಮ ಪ್ರಿಯ ಸಹೋದರನೆಂದು ಕರೆದು, ಅವನಿಗೆ ದೊರೆತ ಜ್ಞಾನವನ್ನು ಹೊಗಳಿ, ಅವನ ಪತ್ರಗಳಲ್ಲಿ ತಿಳಿಯಲು ಕಷ್ಟವಾದ ಮಾತುಗಳೂ ಕೆಲವು ಇವೆಯೆಂದು ಸೇರಿಸುತ್ತದೆ. ಬರೆದವನು ಯಾರೇ ಆಗಿರಲಿ, ಮುದಿ ಪೇತ್ರನ ಬಾಯಲ್ಲಿ ಪೌಲನ ಬಗ್ಗೆ ಇಂಥ ಮಾತು ಇಟ್ಟರೆ ಓದುವವರು ನಂಬುತ್ತಾರೆಂಬ ಭರವಸೆ ಅವನಿಗಿತ್ತು. ಗಲಾತ್ಯದವರಿಗೆ ಬರೆದ ಪತ್ರವನ್ನು ಪೂರ್ತಿ ಓದಲು ಕೂತವರು ಆ ಕೊನೆಯ ದೂರಿಗೆ ತಕರಾರು ಮಾಡಲಾರರು.